ಒಂಬತ್ತು ಸೆಕೆಂಡಿನ ಚೀಟಿ

ಮಾಪ್ಸಾದ ಶುಕ್ರವಾರ. ಒಣಮೀನಿನ ಸಾಲು ಮುಗಿದು
ಚೊರಿಸೊ ಮಾಲೆಗಳು ತೂಗುವ ಮೂಲೆ ತಿರುಗಿದರೆ
ನಮ್ಮ ಬಂಡಿ: ಗದಗಿನ ಕಡೆಯ ಮೆಣಸಿನಕಾಯಿ ಬಜ್ಜಿ,
ಕೇಳಿದವರಿಗೆ ಜೊತೆಗೊಂದು ಪಾವು.

ಹೋದ ತಿಂಗಳು ಒಂದು ವಿಡಿಯೊ ಬಿಟ್ಟೆ.
ಅವ್ವನ ಕೈ ಹಿಟ್ಟಿನಲ್ಲಿ ಮುಳುಗಿ ಏಳುವುದು,
ಬಾಲ ಹಿಡಿಸಿಕೊಂಡ ಮೆಣಸಿನಕಾಯಿ ಎಣ್ಣೆಗೆ ಜಾರುವುದು,
ಹಿಂದೆ ಒಂದು ಹಳೆಯ ಸಿನಿಮಾ ಹಾಡು.
ಯಾವುದೆಂದು ಹೇಳಲಾರೆ, ಹೇಳಿದರೆ ನಿಮ್ಮ ಕಾಲೂ ಕುಣಿದೀತು.
ನಲವತ್ತು ಸಾವಿರ ಮಂದಿ ನೋಡಿದರು.
ಹನ್ನೊಂದು ಮಂದಿ ಹುಡುಕಿಕೊಂಡು ಬಂದು ತಿಂದರು,
ಒಬ್ಬ ಜರ್ಮನಿಯವ ಅತ್ತ.

ಬುಧವಾರ ಬೆಳಿಗ್ಗೆ ಸದ್ದಿಲ್ಲ.
ಎಣ್ಣೆ ಕುದಿಯುತ್ತಿದೆ, ಮೂಕ.
ಅವ್ವನ ಬಾಯಿ ಆಡುತ್ತಿದೆ, ಮೂಕ.
ಕೆಳಗೊಂದು ಸಾಲು:
ಹಕ್ಕುದಾರರ ಕೋರಿಕೆಯಂತೆ ಧ್ವನಿ ತೆಗೆಯಲಾಗಿದೆ.
"ಫೋನ್ ಕೆಟ್ಟಿತೇನ?"
ಅವ್ವ ಅದನ್ನು ಸೆರಗಿಗೆ ಒರೆಸಿ ಕೊಟ್ಟಳು.

ಮೊಬೈಲ್ ಅಂಗಡಿಯ ಮಕ್ತುಮ ನೋಡಿ ನಕ್ಕ.
"ನೀ ಅಂಗಡಿ ಖಾತೆ ಅಂತ ಮಾಡ್ಕೊಂಡಿ.
ಮನಿ ಹುಡುಗಿ ಕುಣಿದ್ರ ನಡೀತೈತಿ,
ಅಂಗಡಿ ಕುಣಿದ್ರ ರೊಕ್ಕ ಕೇಳ್ತಾರ.
ಹಾಡು ಒಂಚೂರು ನಿಧಾನ ಮಾಡಿ ಹಾಕು,
ಮಷಿನ್ನಿಗೆ ಗುರುತು ಹತ್ತಾಂಗಿಲ್ಲ."
ಕದ್ದ ಎತ್ತಿನ ಕೋಡಿಗೆ ಬಣ್ಣ ಬಳಿದಂಗ, ಅಂದೆ.
ಎದ್ದು ಬಂದೆ.

ನಮ್ಮ ಖೋಲಿಯ ಮೇಲಿನ ಮಾಳಿಗೆಯಲ್ಲಿ
ಮನೆಮಾಲೀಕ ತೆರ್ತುಲಿಯಾನೊ ರೆಬೆಲೊ.
ಎಂಬತ್ತೊಂದು ವರ್ಷ; ಅದರಲ್ಲಿ ಇಪ್ಪತ್ತೆಂಟು
ಮುಂಬಯಿಯ ಸ್ಟುಡಿಯೊಗಳಲ್ಲಿ ಟ್ರಂಪೆಟ್ ಊದಿದ್ದು.
ಹಾಡು ಕೇಳಿಸಿದೆ. ಕಣ್ಣು ಮುಚ್ಚಿದ.
ನಡುವೆ ತುತ್ತೂರಿ ಎದ್ದಾಗ
ಮೂರು ಬೆರಳು ತೊಡೆಯ ಮೇಲೆ ತಾವೇ ಒತ್ತಿಕೊಂಡವು.
"ನಿಮ್ಮದಾ?"
"ಇರಬಹುದು. ನಾಲ್ಕು ಜನ, ಒಂದೇ ಮೈಕು.
ಯಾರ ಉಸಿರು ಯಾರದೋ."
ಶಿಫ್ಟಿಗೆ ಎಪ್ಪತ್ತು ರೂಪಾಯಿ,
ಕೊನೆಯ ರೈಲು ತಪ್ಪಿದರೆ ಟ್ಯಾಕ್ಸಿಯೂ ಅದರಲ್ಲೇ.
ವೋಚರಿಗೊಂದು ಸಹಿ, ಮುಗಿಯಿತು.

"ಹಂಗಾದ್ರ ನಾ ಕಟ್ಟೋ ರೊಕ್ಕ ನಿಮಗ ಬರಾಂಗಿಲ್ಲ?"
ನಕ್ಕ. ಹಲ್ಲಿನ ಸೆಟ್ಟು ಸಡಿಲಾಯಿತು, ಹೆಬ್ಬೆರಳಲ್ಲಿ ಒತ್ತಿಕೊಂಡ.
"ಬರೋದಿಲ್ಲ. ಆದರೂ ಕದಿಯಬೇಡ."
ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.
ನಮ್ಮ ತಟ್ಟೆಯಿಂದ ಮೂರು ಬಜ್ಜಿ ಎತ್ತಿಕೊಂಡು
ಓಡಿದವನ ಬೆನ್ನು ನೆನಪಾಯಿತು, ಅಷ್ಟೆ.

ಆ ರಾತ್ರಿ ಮಾರಾಟದ ಸಂಗೀತದ ಪಟ್ಟಿ ನೋಡುತ್ತ ಕೂತೆ.
ಉಲ್ಲಾಸ, ಬೇಸಿಗೆ, ಸ್ಫೂರ್ತಿ, ಕಚೇರಿಯ ಮುಂಜಾವು;
ಒಂದೊಂದಕ್ಕೂ ಬೆಲೆ, ಬೆಲೆಗೆ ಷರತ್ತು,
ಒಂದು ಖಾತೆ, ಒಂದು ವರ್ಷ, ಟಿವಿಗೆ ಸಲ್ಲದು.
ಎಲ್ಲ ನೆಟ್ಟಗಿತ್ತು. ಸೋಡಾ ಹಾಕಿ ತೊಳೆದ ಹಾಗೆ.
ಒಂದಕ್ಕೂ ಖಾರ ತಾಗಿರಲಿಲ್ಲ.

ಭಾನುವಾರ ಇಗರ್ಜಿಯಿಂದ ಬಂದವನೇ ರೆಬೆಲೊ
ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿದ.
"ಇದು ಯಾರ ಸಿನಿಮಾದ್ದೂ ಅಲ್ಲ ತಾನೇ?"
"ನನ್ನದು. ತಡವಾಗಿ ಬಂದು, ಹೆಂಡತಿ ಬಾಗಿಲು ತೆಗೆಯದಿದ್ದಾಗ
ಮೆಟ್ಟಿಲ ಮೇಲೆ ನಿಂತು ಊದುತ್ತಿದ್ದದ್ದು."
ಒಂಬತ್ತು ಸೆಕೆಂಡು. ಏಳನೆಯದರಲ್ಲಿ ಸ್ವರ ಬಿರುಕು ಬಿಟ್ಟಿತು.
ಇನ್ನೊಂದು ಸಲ ಊದಿ ಅಂದೆ.
"ಬಿಡು. ಇಷ್ಟು ಕೆಟ್ಟದಾಗಿ ಊದಿದವನು ನಾನೇ ಅಂತ
ಯಾವ ಕೋರ್ಟಾದರೂ ಒಪ್ಪುತ್ತದೆ."

ಎಣ್ಣೆ ಬಿಲ್ಲಿನ ಬೆನ್ನ ಮೇಲೆ ಬರೆದೆ, ಅವನು ಹೇಳಿದಂತೆ:
ಈ ಬಂಡಿಗೆ ಮಾತ್ರ. ಒಂದು ವರ್ಷ.
ಮಕ್ತುಮನ ಅಂಗಡಿಗೆ ಕೊಡತಕ್ಕದ್ದಲ್ಲ.
ನಿಧಾನ ಮಾಡತಕ್ಕದ್ದಲ್ಲ.
ಹೆಸರು ಹಾಕತಕ್ಕದ್ದು, ಪೂರ್ತಿ ಹೆಸರು.
ಐನೂರು ರೂಪಾಯಿ, ಮತ್ತು ಶುಕ್ರವಾರಕ್ಕೊಂದು ಪ್ಲೇಟು,
ಬೀಜ ತೆಗೆದು.

ನಿನ್ನೆಯವರೆಗೆ ಮುನ್ನೂರ ಹನ್ನೆರಡು ಮಂದಿ ನೋಡಿದ್ದಾರೆ.
ಅದರಲ್ಲಿ ಅವನದೇ ನೂರು ಇರಬೇಕು.

ಚೀಟಿ ಗಲ್ಲಾಪೆಟ್ಟಿಗೆಯಲ್ಲಿದೆ. ಎಣ್ಣೆ ಕುಡಿದು ಕುಡಿದು
ಕಾಗದ ಈಗ ಗಾಜು.
ಶೇಂಗಾ ಎಣ್ಣೆ, ಹದಿನೈದು ಲೀಟರ್ ಎಂಬ ಸಾಲಿನಡಿ
ಅವನ ಉದ್ದನೆಯ ಸಹಿ
ಕನ್ನಡಿಯಲ್ಲಿ ಕಂಡಂತೆ ತಿರುಗಿ ಮಲಗಿದೆ.